ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಟೆಂಟ್ ಎಲ್ಲಿ: ಸೀಡರ್ ಪಾಸ್, ಸೇಜ್ ಕ್ರೀಕ್, ಇಲ್ಲಾ ಬಟಾಬಯಲು?

ಅಮೆರಿಕದ ಸೌತ್ ಡಕೋಟಾದಲ್ಲಿರುವ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ನಮ್ಮವರು ಬರುವುದು ಹೆಚ್ಚಾಗಿ ಮೌಂಟ್ ರಶ್‌ಮೋರ್ ನೋಡುವ ದಾರಿಯಲ್ಲಿ. ಎರಡು ಗಂಟೆ ಕಾರಲ್ಲೇ ಸುತ್ತಿ, ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಈ ಹುಲ್ಲುಗಾವಲು ನೋಡಬೇಕಾದ್ದು ಸಂಜೆ ಮತ್ತು ಬೆಳಗಿನ ಜಾವ. ರಾತ್ರಿ ತಂಗಲು ಟೆಂಟಿನವರಿಗೆ ಮೂರು ಆಯ್ಕೆಗಳಿವೆ. ಮೂರರಲ್ಲೂ ಮಲಗಿ ನೋಡಿ ಹೇಳುವುದಾದರೆ, ಇದು ದುಡ್ಡಿನ ಲೆಕ್ಕವಲ್ಲ. ನೀರು ಮತ್ತು ಮಣ್ಣಿನ ಲೆಕ್ಕ.

ಸೀಡರ್ ಪಾಸ್ ಸುಲಭದ್ದು. ಬೆನ್ ರೈಫೆಲ್ ಸಂದರ್ಶಕರ ಕೇಂದ್ರದ ಪಕ್ಕದಲ್ಲೇ ಇದೆ. ಬಾಡಿಗೆ ಕೊಟ್ಟು ಮೊದಲೇ ಕಾದಿರಿಸಬಹುದು. ನಲ್ಲಿ ನೀರು, ಫ್ಲಶ್ ಟಾಯ್ಲೆಟ್ಟು, ನೆರಳಿನ ಚಪ್ಪರವಿರುವ ಮೇಜು ಎಲ್ಲವೂ ಇವೆ. ಬೇಸಿಗೆಯಲ್ಲಿ ರೇಂಜರ್‌ಗಳು ರಾತ್ರಿ ಟೆಲಿಸ್ಕೋಪಿನಲ್ಲಿ ಆಕಾಶ ತೋರಿಸುತ್ತಾರೆ. ಚಿಕ್ಕ ಮಕ್ಕಳಿದ್ದರೆ ಯೋಚಿಸದೆ ಇದನ್ನೇ ಆರಿಸಿ. ಕೊರತೆಗಳೂ ಇವೆ: ಟೆಂಟುಗಳು ಒತ್ತೊತ್ತಾಗಿರುತ್ತವೆ, ಮರದ ನೆರಳಿಲ್ಲ, ನೆಲ ಗಟ್ಟಿ. ಟೆಂಟಿನ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟಗಳು ಈ ನೆಲಕ್ಕೆ ಬಾಗಿಬಿಡುತ್ತವೆ. 25 ಸೆಂಟಿಮೀಟರಿನ ಉಕ್ಕಿನ ಗೂಟ, ಒಂದು ಸುತ್ತಿಗೆ ಇಟ್ಟುಕೊಳ್ಳಿ. ಸಂಜೆಯ ಗುಡುಗುಮಳೆಗೆ ಮುಂಚೆ ಗಾಳಿ ಒಮ್ಮೆಲೇ ಏಳುತ್ತದೆ. ಎತ್ತರದ ಫ್ಯಾಮಿಲಿ ಟೆಂಟಿನ ಕಂಬಗಳು ಮುರಿಯುವುದು ಆಗಲೇ. ಗಿಡ್ಡ ಗುಮ್ಮಟದ ಟೆಂಟು ತಂದು, ಹಗ್ಗಗಳನ್ನೆಲ್ಲ ಬಿಗಿಯಿರಿ.

ಸೇಜ್ ಕ್ರೀಕ್ ಉಚಿತ. ಮೊದಲು ಬಂದವರಿಗೆ ಜಾಗ. ಗುಂಡಿ ಶೌಚಾಲಯ ಮತ್ತು ಮೇಜು ಬಿಟ್ಟರೆ ಬೇರೆ ಸೌಕರ್ಯವಿಲ್ಲ. ಹನಿ ನೀರೂ ಸಿಗುವುದಿಲ್ಲ. ಆದರೂ ದೊಡ್ಡವರು ಮಾತ್ರ ಹೋಗುವುದಾದರೆ ನಮ್ಮ ಮತ ಇದಕ್ಕೇ. ಕಾರಣ ಬೈಸನ್, ಅಂದರೆ ಅಮೆರಿಕದ ಕಾಡುಕೋಣ. 1963ರಲ್ಲಿ ಮತ್ತೆ ತಂದು ಬಿಟ್ಟ ಹಿಂಡಿನ ಸಂತತಿ ಬಿಡಾರದ ನಡುವೆಯೇ ಮೇಯುತ್ತ ಹಾದುಹೋಗುತ್ತದೆ. ಹಾಗಾಗಿ ಹುಲ್ಲು ಸವೆದು ಗೆರೆಯಂತೆ ಕಾಣುವ ಜಾಡಿನ ಮೇಲೆ ಟೆಂಟ್ ಹಾಕಬಾರದು. 100 ಗಜ ದೂರವಿರಬೇಕೆಂಬುದು ನಿಯಮ. ಅವೇ ಹತ್ತಿರ ಬಂದರೆ ಕಾರಿನೊಳಗೆ ಕೂತುಬಿಡಿ. ಜುಲೈ-ಆಗಸ್ಟ್ ಬೆದೆಗಾಲ, ಗಂಡುಗಳ ಸಿಟ್ಟು ಹೆಚ್ಚು. ಪ್ರೇರಿ ಡಾಗ್ (ಹೆಸರಿಗೆ ನಾಯಿ, ಅಸಲಿಗೆ ಅಳಿಲಿನ ಜಾತಿ) ಬಿಲಗಳಿಂದಲೂ ದೂರವಿರಿ: ಅಲ್ಲಿನ ಚಿಗಟಗಳು ಪ್ಲೇಗ್ ಹೊತ್ತಿರಬಹುದು.

ಇಲ್ಲಿ ಕೈಕೊಡುವುದು ರಸ್ತೆ. ಸೇಜ್ ಕ್ರೀಕ್ ರಿಮ್ ರಸ್ತೆಗೆ ಡಾಂಬರಿಲ್ಲ. ಒಣಗಿದ್ದಾಗ ಸಾಮಾನ್ಯ ಕಾರೂ ಸಲೀಸಾಗಿ ಹೋಗುತ್ತದೆ. ಮಳೆ ಬಿದ್ದರೆ ಜೇಡಿ ಉಬ್ಬಿ, ಟೈರಿಗೆ ಮೆತ್ತಿ, ಚಕ್ರದ ಗೂಡಿನಲ್ಲಿ ತುಂಬಿಕೊಂಡು ಗಾಡಿ ಜಾರತೊಡಗುತ್ತದೆ. ವಿಜಯಪುರದ ಎರೆಹೊಲದಲ್ಲಿ ಮಳೆಗಾಲಕ್ಕೆ ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫೋರ್‌ವೀಲ್ ಡ್ರೈವ್ ಇದೆಯೆಂದು ನುಗ್ಗಬೇಡಿ, ರಸ್ತೆ ಆರುವ ತನಕ ಕಾಯುವುದೇ ಉಪಾಯ. ಅದಕ್ಕೇ ಒಂದು ದಿನದ ಊಟ, ನೀರು ಹೆಚ್ಚಿಗೆ ಇರಲಿ. ಬಾಡಿಗೆ ಕಾರಾದರೆ ಮಣ್ಣುರಸ್ತೆಗೆ ಒಪ್ಪಿಗೆ ಇದೆಯೇ ಎಂದು ಕರಾರುಪತ್ರ ನೋಡಿಕೊಳ್ಳಿ.

ಮೂರನೆಯದು ಬೆನ್ನುಚೀಲ ಹೊತ್ತು ಬಯಲಿಗೆ ನಡೆಯುವುದು. ರಸ್ತೆ, ಕಾಲುದಾರಿಗಳಿಂದ ಕನಿಷ್ಠ ಅರ್ಧ ಮೈಲಿ ಆಚೆ, ಅಲ್ಲಿಂದ ಕಣ್ಣಿಗೆ ಬೀಳದ ಕಡೆ ಟೆಂಟ್ ಹಾಕಬೇಕು. ಮೌನ ಬೇಕಾದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಹಳ್ಳದ ನೀರಿನಲ್ಲಿ ನುಣ್ಣನೆಯ ಜೇಡಿ ತೇಲುತ್ತಿರುವುದರಿಂದ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಕುಡಿಯುವ ನೀರನ್ನೆಲ್ಲ ಹೊತ್ತೇ ಒಯ್ಯಬೇಕು. ತಲೆಗೆ ದಿನಕ್ಕೆ 4 ಲೀಟರಿನಂತೆ, ಇಬ್ಬರಿಗೆ ಎರಡು ದಿನಕ್ಕೆ 16 ಕಿಲೋ. ಒಂದು ರಾತ್ರಿಗಿಂತ ಹೆಚ್ಚಿಗೆ ಯಾಕೆ ಶಿಫಾರಸು ಮಾಡುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ.

ಅಡುಗೆಗೆ ಒಂದು ಮಾತು. ಉದ್ಯಾನದಲ್ಲೆಲ್ಲೂ ಸೌದೆ ಬೆಂಕಿ ಹಾಕುವಂತಿಲ್ಲ, ಒಣಹುಲ್ಲು ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಗ್ಯಾಸ್ ಸ್ಟೌವ್ ತನ್ನಿ. ಗಾಳಿಗೆ ಮರೆ ಒಂದೇ ಕಡೆ ಇರಲಿ. ಸುತ್ತಲೂ ಮುಚ್ಚಿದರೆ ಬರ್ನರಿನ ಕೆಳಗಿರುವ ಗ್ಯಾಸ್ ಡಬ್ಬಿ ಕಾದು ಸಿಡಿಯುವ ಅಪಾಯವಿದೆ. ಈ ಡಬ್ಬಿಗಳನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ರ್‍ಯಾಪಿಡ್ ಸಿಟಿಯಲ್ಲಿ ಕೊಳ್ಳಿ. ಸೇಜ್ ಕ್ರೀಕ್‌ಗೆ ಅನ್ನ-ಸಾರಿಗಿಂತ ಅವಲಕ್ಕಿ, ಹುರಿದಿಟ್ಟ ರವೆಯ ಉಪ್ಪಿಟ್ಟು ವಾಸಿ: ಅಕ್ಕಿ ತೊಳೆಯುವ ನೀರು ಉಳಿಯುತ್ತದೆ, ತಟ್ಟೆಯನ್ನು ಕಾಗದದಲ್ಲಿ ಒರೆಸಿದರೂ ಸಾಕು. ನೀರಿನ ಕ್ಯಾನುಗಳನ್ನು ಉದ್ಯಾನದ ಹತ್ತಿರದ ವಾಲ್ ಊರಿನಲ್ಲೇ ತುಂಬಿಸಿಕೊಳ್ಳಿ, ಪೆಟ್ರೋಲನ್ನೂ.