ಡೈ ಕಟಿಂಗ್ ಮಷಿನ್ ಕಾಂಬೋ ಕೊಳ್ಳುವ ಮುಂಚೆ ಇದನ್ನು ಓದಿ

ಹೋದ ನವೆಂಬರ್‌ನಲ್ಲಿ ನನ್ನ ಹೊಸ ಡೈ ಕಟಿಂಗ್ ಮಷಿನ್, ಅಂದರೆ ಕಾಗದವನ್ನು ಅಚ್ಚಿನ ಆಕಾರಕ್ಕೆ ಕತ್ತರಿಸುವ ಮಷಿನ್, 17ನೇ ಕಾರ್ಡಿಗೆ ಮುರಿದು ಹೋಯಿತು. 120 ಕಾರ್ಡಿನ ಆರ್ಡರ್ ಇತ್ತು. ಕೈಯಲ್ಲಿ ಉಳಿದಿದ್ದು ಆರೇ ದಿನ. ಮಷಿನ್ ಕಳಿಸಿದವರು ಅವತ್ತೇ ರಾತ್ರಿ ನನ್ನ ನಂಬರ್ ಬ್ಲಾಕ್ ಮಾಡಿದರು. ನಿಮಗೆ ಹೀಗಾಗಬಾರದು ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ನಾನು ಕೊಪ್ಪಳದಲ್ಲಿ ಮನೆಯಲ್ಲೇ ಗ್ರೀಟಿಂಗ್ ಕಾರ್ಡ್ ಮಾಡುತ್ತೇನೆ. ನಾಲ್ಕು ವರ್ಷ ಆಯಿತು. ಮೊದಲು ಬರೀ ಕತ್ತರಿ, ಕಟರ್, ಸ್ಟೆನ್ಸಿಲ್ (ಬಣ್ಣ ಹಾಕಲು ಆಕಾರ ಕತ್ತರಿಸಿದ ಹಾಳೆ) ಇಷ್ಟೇ ಇತ್ತು. ನಮ್ಮೂರ ಸ್ಟೇಷನರಿ ಅಂಗಡಿಗಳಲ್ಲಿ ಚಾರ್ಟ್ ಪೇಪರ್, ಗ್ಲಿಟರ್, ಫೆವಿಕಾಲ್ ಸಿಗುತ್ತದೆ. ಡೈ, ಇಂಕ್ ಹಚ್ಚಿ ಒತ್ತುವ ಸ್ಟಾಂಪ್ ಬೇಕು ಅಂದರೆ ಹುಬ್ಬಳ್ಳಿ, ಬೆಂಗಳೂರಿಗೆ ಹೋಗಬೇಕು, ಇಲ್ಲ ಫೋನ್‌ನಲ್ಲೇ ತರಿಸಿಕೊಳ್ಳಬೇಕು. ನಮ್ಮ ಕಡೆಯವರು ಇಂಥದಕ್ಕೆ ಸುಲಭವಾಗಿ ಸಿಕ್ಕಿಬೀಳುವುದು ಅದಕ್ಕೇ. ಮುಟ್ಟಿ ನೋಡಿ ತಗೊಳ್ಳುವ ಅವಕಾಶವೇ ನಮಗಿಲ್ಲ.

ಗಂಗಾವತಿಯ ಒಂದು ಮನೆಯವರು ಮಗಳ ಮದುವೆಗೆ ಬಂದವರಿಗೆ ಕೊಡಲು ಧನ್ಯವಾದದ ಕಾರ್ಡ್ ಕೇಳಿದ್ದರು. ಮುಂದೆ ಜಾಲರಿಯ ಕಿಟಕಿ, ಒಳಗೆ ಒಂದು ಗಿಳಿ. ಜಾಲರಿಯನ್ನು ಕೈಯಲ್ಲಿ ಕತ್ತರಿಸಿದರೆ ಒಂದಕ್ಕೆ ಅರ್ಧ ಗಂಟೆ ಬೇಕು. ಆಗಲೇ ಫೋನ್‌ನಲ್ಲಿ ಒಂದು ಪೇಜಿನ ವಿಡಿಯೋ ಕಣ್ಣಿಗೆ ಬಿತ್ತು. ಗುಲಾಬಿ ಬಣ್ಣದ ಪುಟ್ಟ ಮಷಿನ್, ಹಸಿರು ಗಾಜಿನ ಬಳೆ ಹಾಕಿದ ಒಂದು ಕೈ ಅದರ ಹಿಡಿಕೆ ತಿರುಗಿಸುತ್ತದೆ, ಆ ಕಡೆಯಿಂದ ಲೇಸಿನಂಥ ಕಾಗದ ಹೊರಗೆ ಬರುತ್ತದೆ. ಮಷಿನ್, 12 ಡೈ, 4 ಹಾಳೆ ಸ್ಟಾಂಪ್, 6 ಸ್ಟೆನ್ಸಿಲ್, 2 ಇಂಕ್ ಪ್ಯಾಡ್, ಎಲ್ಲಾ ಸೇರಿ 3,800 ರೂಪಾಯಿ. ಹೆಸರಿರುವ ಕಂಪನಿಯ ಮಷಿನ್ ಒಂದಕ್ಕೇ ಅದಕ್ಕಿಂತ ಜಾಸ್ತಿ ಆಗುತ್ತದೆ. ಕ್ಯಾಶ್ ಆನ್ ಡೆಲಿವರಿ ಇಲ್ಲ ಅಂದರು. ಒಬ್ಬರ ಸ್ವಂತ ನಂಬರಿಗೆ ಯುಪಿಐ ಮಾಡಿದೆ. ಅಲ್ಲೇ ನಿಲ್ಲಬೇಕಿತ್ತು.

ಬಾಕ್ಸ್ ಬಂತು. ನೋಡಲು ಚೆನ್ನಾಗಿಯೇ ಇತ್ತು.

ಈ ಮಷಿನ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಲೇಬೇಕು, ಯಾಕಂದರೆ ಮೋಸ ಇರುವುದು ಅಲ್ಲೇ. ಡೈ ಅಂದರೆ ತೆಳುವಾದ ಉಕ್ಕಿನ ಅಚ್ಚು, ಒಂದು ಬದಿಗೆ ಹರಿತವಾದ ಅಂಚು. ಹಿಟ್ಟಿನ ಮೇಲೆ ಬಿಸ್ಕತ್ತಿನ ಅಚ್ಚು ಒತ್ತಿದ ಹಾಗೆ ಇದನ್ನು ಕಾಗದಕ್ಕೆ ಒತ್ತಬೇಕು. ಆದರೆ ಆ ಒತ್ತಡ ಕೈಯಿಂದ ಆಗುವಂಥದ್ದಲ್ಲ. ಅದಕ್ಕೇ ಎರಡು ರೋಲರ್. ಕೆಳಗೆ ಒಂದು ಪ್ಲಾಟ್‌ಫಾರ್ಮ್, ಅದರ ಮೇಲೆ ಪ್ಲಾಸ್ಟಿಕ್ ಪ್ಲೇಟ್, ಪ್ಲೇಟಿನ ಮೇಲೆ ಕಾಗದ, ಕಾಗದದ ಮೇಲೆ ಹರಿತದ ಬದಿ ಕೆಳಗಾಗುವಂತೆ ಡೈ, ಕೊನೆಗೆ ಇನ್ನೊಂದು ಪ್ಲೇಟ್. ಹೀಗೆ ಪದರ ಪದರವಾಗಿ ಜೋಡಿಸಿ ರೋಲರ್ ನಡುವೆ ನುಗ್ಗಿಸುತ್ತೇವೆ. ರೋಲರ್ ನಡುವಿನ ಜಾಗ ಹೆಚ್ಚು ಕಡಿಮೆ ಆಗುವುದಿಲ್ಲ, ಅದು ಅಷ್ಟೇ. ಆದ್ದರಿಂದ ಪದರಗಳ ಒಟ್ಟು ದಪ್ಪ ಆ ಜಾಗಕ್ಕೆ ಸರಿಯಾಗಿ ಕೂರಬೇಕು. ಅರ್ಧ ಮಿಲಿಮೀಟರ್ ಕಡಿಮೆ ಆದರೆ ಕಾಗದ ಕತ್ತರಿಸುವುದಿಲ್ಲ. ಅರ್ಧ ಮಿಲಿಮೀಟರ್ ಜಾಸ್ತಿ ಆದರೆ ಪ್ಲೇಟ್ ಸೀಳುತ್ತದೆ, ಇಲ್ಲ ಒಳಗಿನ ಗೇರ್ ಹಲ್ಲು ಹಾರುತ್ತದೆ. ಒಳ್ಳೆಯ ಮಷಿನ್‌ಗಳಲ್ಲಿ ಯಾವ ಡೈಗೆ ಯಾವ ಪದರ ಅಂತ ಪ್ಲಾಟ್‌ಫಾರ್ಮ್ ಮೇಲೆಯೇ ಅಚ್ಚಾಗಿರುತ್ತದೆ. ನನ್ನದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಮೊದಲ ಕಾರ್ಡ್ ಹಾಕಿದೆ. ಜಾಲರಿಯ ಎಡಭಾಗ ನೀಟಾಗಿ ಕತ್ತರಿಸಿತು. ಬಲಭಾಗದಲ್ಲಿ ಬರೀ ಗೀರು. ನನ್ನ ತಪ್ಪೇ ಇರಬೇಕು ಅಂದುಕೊಂಡೆ. ಮಾರಿದವರಿಗೆ ಫೋಟೋ ಕಳಿಸಿದೆ. "ಎರಡು ಹಾಳೆ ಪೇಪರ್ ಜಾಸ್ತಿ ಇಡಿ ಮೇಡಂ" ಅಂತ ಉತ್ತರ ಬಂತು. ಕಾರ್ಡಿಗೆ ಬಳಸುವ 300 ಜಿಎಸ್‌ಎಂನ ದಪ್ಪ ಹಾಳೆಯನ್ನೇ ಎರಡು ಇಟ್ಟೆ. ಬಲಭಾಗವೂ ಕತ್ತರಿಸಿತು, ಆದರೆ ಹಿಡಿಕೆ ತುಂಬಾ ಬಿಗಿಯಾಯಿತು. ಹಾಗೇ ಹದಿನಾರು ಕಾರ್ಡ್ ತೆಗೆದೆ. ಹದಿನೇಳನೆಯದಕ್ಕೆ ಟಕ್ ಅಂತ ಒಂದು ಸದ್ದು. ಹಿಡಿಕೆ ಹಗುರವಾಗಿ ಗಿರಗಿರ ತಿರುಗಿತು, ರೋಲರ್ ಅಲುಗಲಿಲ್ಲ. ಕಾರ್ಡು, ಡೈ, ಪ್ಲೇಟು ಮೂರೂ ಒಳಗೇ ಸಿಕ್ಕಿಕೊಂಡವು. ಪಕ್ಕದ ಮುಚ್ಚಳ ಬಿಚ್ಚಿದರೆ ಬಿಳಿ ಪ್ಲಾಸ್ಟಿಕ್ ಗೇರ್, ಮೂರು ಹಲ್ಲು ಮುರಿದು ಕೆಳಗೆ ಬಿದ್ದಿದ್ದವು.

ಆಮೇಲೆ ತಮ್ಮನ ಹತ್ತಿರ ವರ್ನಿಯರ್ ಕ್ಯಾಲಿಪರ್ ತಗೊಂಡು ಪ್ಲೇಟ್ ಅಳೆದೆ. ಒಂದು ಅಂಚಿನಲ್ಲಿ 3 ಮಿಲಿಮೀಟರ್. ಇನ್ನೊಂದು ಅಂಚಿನಲ್ಲಿ 2.4. ಒಂದೇ ಪ್ಲೇಟು! ತೆಳುವಾದ ಕಡೆ ಒತ್ತಡ ಸಾಲದು ಅಂತ ಹಾಳೆ ಇಟ್ಟೆವು, ಅದೇ ಹಾಳೆ ದಪ್ಪ ಇರುವ ಕಡೆ ಗೇರನ್ನು ಮುರಿಯಿತು. ಇದನ್ನು ಅವತ್ತೇ ಮೊದಲು ಅಳೆದಿದ್ದರೆ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಸ್ಟಾಂಪಿನ ಕಥೆ ಬೇರೆ. ವಿಡಿಯೋದಲ್ಲಿ ಫೋಟೋಪಾಲಿಮರ್ ಅಂದಿದ್ದರು, ಅದು ಇಂಕ್ ಚೆನ್ನಾಗಿ ಹಿಡಿಯುವ ಒಂದು ಬಗೆಯ ಪ್ಲಾಸ್ಟಿಕ್. ಬಂದಿದ್ದು ಸಿಲಿಕೋನ್. ಎರಡೂ ಪಾರದರ್ಶಕವೇ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಇಂಕ್ ಹಚ್ಚಿದರೆ ಗೊತ್ತಾಗುತ್ತದೆ. ಎಣ್ಣೆ ಸವರಿದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ ಇಂಕ್ ಹನಿ ಹನಿಯಾಗಿ ನಿಂತಿತು. ಕಾಗದದ ಮೇಲೆ ಅಕ್ಷರದ ನಡುನಡುವೆ ಬಿಳಿ ಚುಕ್ಕೆ. ಮೇಲ್ಮೈಯನ್ನು ಪೆನ್ಸಿಲ್ ರಬ್ಬರಿನಿಂದ ನಿಧಾನಕ್ಕೆ ಉಜ್ಜಿದ ಮೇಲೆ ಸ್ವಲ್ಪ ಸುಧಾರಿಸಿತು. ಸಣ್ಣ ಅಕ್ಷರ ಮಾತ್ರ ಕೊನೆವರೆಗೂ ಸರಿಯಾಗಿ ಮೂಡಲಿಲ್ಲ.

ಆರ್ಡರ್ ಏನಾಯಿತು ಅಂತ ಕೇಳ್ತೀರಿ ಅಲ್ವಾ? ಮದುವೆ ಮನೆಯವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಜಾಲರಿ ಆಗುವುದಿಲ್ಲ, ಗಿಳಿಯನ್ನು ಸ್ಟೆನ್ಸಿಲ್‌ನಲ್ಲಿ ಮಾಡಿಕೊಡುತ್ತೇನೆ ಅಂದೆ. ಪುಣ್ಯಕ್ಕೆ ಒಪ್ಪಿದರು. ನಮ್ಮ ಪಕ್ಕದ ಕಿನ್ನಾಳದ ಗೊಂಬೆಗಳ ಬಣ್ಣ ಮನಸ್ಸಲ್ಲಿಟ್ಟುಕೊಂಡು ಕೆಂಪು, ಹಸಿರು, ಹಳದಿಯಲ್ಲಿ ಒಂದು ಗಿಳಿ ಬರೆದೆ. ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಅದನ್ನು ಕಟರ್‌ನಿಂದ ಕತ್ತರಿಸಿದೆ. ಸ್ಪಂಜಿಗೆ ಇಂಕ್ ಹಚ್ಚಿ ಮೊದಲು ರದ್ದಿ ಕಾಗದದ ಮೇಲೆ ಒತ್ತಿ, ಸ್ಪಂಜು ಹೆಚ್ಚುಕಡಿಮೆ ಒಣಗಿದೆ ಅನ್ನಿಸಿದ ಮೇಲೆ ಅಂಚಿನಿಂದ ಒಳಕ್ಕೆ ಸುತ್ತುತ್ತಾ ಹಚ್ಚಬೇಕು. ಒದ್ದೆ ಜಾಸ್ತಿ ಆದರೆ ಸ್ಟೆನ್ಸಿಲ್ ಅಡಿಗೆ ಇಳಿದು ಗಿಳಿಯ ಕೊಕ್ಕು ಕದಡುತ್ತದೆ. ಅಮ್ಮ ಮಡಿಚಿದರು, ನಾನು ಬಣ್ಣ ಹಾಕಿದೆ. ಮದುವೆಯ ಹಿಂದಿನ ರಾತ್ರಿ ಒಂದೂವರೆಗೆ 120 ಮುಗಿಯಿತು. ಒಪ್ಪಿಕೊಂಡ ದುಡ್ಡಿನಲ್ಲಿ ಮೂರನೇ ಒಂದು ಭಾಗ ನಾನೇ ಬಿಟ್ಟೆ. ಕೇಳಿದ್ದನ್ನು ಕೊಡಲಿಲ್ಲ, ಪೂರ್ತಿ ತಗೊಳ್ಳಲು ಮನಸ್ಸಾಗಲಿಲ್ಲ.

ಇನ್ನು ಮಾರಿದವರು. ಮುರಿದ ಗೇರಿನ ಫೋಟೋ ಕಳಿಸಿದಾಗ "ಬಾಕ್ಸ್ ಬಿಚ್ಚುವಾಗಿನ ವಿಡಿಯೋ ಎಲ್ಲಿ?" ಅಂದರು. ವಿಡಿಯೋ ಇತ್ತು, ಕಳಿಸಿದೆ. "ನೀವು ಜಾಸ್ತಿ ಹಾಳೆ ಇಟ್ಟಿದ್ದೀರಿ, ನಮ್ಮ ಜವಾಬ್ದಾರಿ ಅಲ್ಲ" ಅಂದರು. ಹಾಳೆ ಇಡಿ ಅಂತ ಅವರೇ ಹೇಳಿದ್ದ ಮೆಸೇಜಿನ ಸ್ಕ್ರೀನ್‌ಶಾಟ್ ಹಾಕಿದೆ. ಅಷ್ಟೇ, ಬ್ಲಾಕ್.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ದುಡ್ಡು ಕಳಿಸಿ ವಸ್ತುವೇ ಬಾರದೆ ಹೋದರೆ ಅದು ವಂಚನೆ, ಅದಕ್ಕೆ ಸೈಬರ್ ಅಪರಾಧದ ಸಹಾಯವಾಣಿ 1930. ಆ ನಂಬರಿಗೆ ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೆಯದು, ಹಣ ಮುಂದೆ ಹೋಗದಂತೆ ತಡೆಯಲು ಆಗಬಹುದು. ಇನ್ನೊಂದು ವಿಷಯ ನನಗೆ ಆಗಲೇ ಗೊತ್ತಾಗಿದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾರಿದವರು ಯಾವ ಊರಲ್ಲೇ ಇರಲಿ, ನಾವು ಇರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ಆದರೆ ಯಾರ ಮೇಲೆ ಅಂತ ಹಾಕುವುದು? ನನ್ನ ಹತ್ತಿರ ಬಿಲ್ ಇಲ್ಲ, ವಿಳಾಸ ಇಲ್ಲ. ಪಾರ್ಸೆಲ್ ಮೇಲೆ ಕಳಿಸಿದವರ ಜಾಗದಲ್ಲಿ ಒಂದು ಅರ್ಧ ಅಳಿಸಿದ ಹೆಸರು ಮಾತ್ರ.

ಹಾಗಾಗಿ ದಯವಿಟ್ಟು, ದುಡ್ಡು ಕಳಿಸುವ ಮುಂಚೆ ಬಿಲ್ ಕೊಡ್ತೀರಾ, ವಿಳಾಸ ಏನು ಅಂತ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ಪ್ಲೇಟಿನ ದಪ್ಪ ಎಷ್ಟು, ಬೇರೆ ಪ್ಲೇಟ್ ಬಿಡಿಯಾಗಿ ಸಿಗುತ್ತಾ, ಗೇರ್ ಲೋಹದ್ದಾ ಪ್ಲಾಸ್ಟಿಕ್ಕಾ ಅಂತಲೂ ಕೇಳಿ. ಪ್ಲೇಟ್ ಸವೆಯುವ ವಸ್ತು, ಎಷ್ಟೇ ಒಳ್ಳೆಯದಾದರೂ ಗೀರು ಬಿದ್ದು ಬಾಗುತ್ತದೆ, ಆಗಾಗ ತಿರುಗಿಸಿ ಹಾಕಬೇಕು. ಬಿಡಿ ಪ್ಲೇಟ್ ಸಿಗದ ಮಷಿನ್ ಅಂದರೆ ಕೆಲವೇ ತಿಂಗಳ ಮಾತು. ನಮ್ಮ ಬೇಸಿಗೆಯಲ್ಲಿ ಪ್ಲೇಟನ್ನು ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಲೇಬೇಡಿ. ಮಷಿನ್ ಕೈಗೆ ಬಂದು, ಕಡಿಮೆ ಅಂದರೂ ಐವತ್ತು ಕಾರ್ಡ್ ಕತ್ತರಿಸಿ ನೋಡುವವರೆಗೆ ಅದನ್ನು ನಂಬಿ ಆರ್ಡರ್ ಒಪ್ಪಿಕೊಳ್ಳಬೇಡಿ.

ನಾನು ದುಡ್ಡು ಕೊಟ್ಟ ಪೇಜ್ ಈಗ ಇಲ್ಲ. ಆದರೆ ಮೊನ್ನೆ ಬೇರೆ ಹೆಸರಿನ ಪೇಜಿನಲ್ಲಿ ಅದೇ ವಿಡಿಯೋ ನೋಡಿದೆ. ಅದೇ ಗುಲಾಬಿ ಮಷಿನ್, ಅದೇ ಹಸಿರು ಬಳೆಯ ಕೈ. ಈಗ ಬೆಲೆ 3,400 ಅಂತ ಹಾಕಿದ್ದಾರೆ.