ಗಲ್ಲಿನ ಕೇಸಿನಲ್ಲಿ ಉಚಿತ ಕಾನೂನು ನೆರವು: ಈ ಸೇವೆ ಎಷ್ಟು ಗಟ್ಟಿ?

ಕೊಲೆಗೆ ಗಲ್ಲು ನ್ಯಾಯವೇ ಎಂಬ ಮಾತು ಬಂದಾಗಲೆಲ್ಲ ಚರ್ಚೆ ಕೊಲೆಯ ಕ್ರೌರ್ಯದ ಸುತ್ತಲೇ ತಿರುಗುತ್ತದೆ. ಆರೋಪಿಯ ಪರ ನಿಂತ ವಕೀಲರು ಯಾರು, ಅವರ ಕೈಗೆ ಕಡತ ಯಾವತ್ತು ಬಂತು ಎಂದು ಕೇಳುವವರು ಕಡಿಮೆ. ನಮ್ಮಲ್ಲಿ ಕೊಲೆಗೆ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮಿನ ಪ್ರಕಾರ ಮರಣದಂಡನೆ, ಇಲ್ಲವೇ ಜೀವಾವಧಿ. ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪಿನ ನಂತರ ಜೀವಾವಧಿಯೇ ನಿಯಮ. ಗಲ್ಲು ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ. ಕೃತ್ಯದ ಜೊತೆಗೆ ಕೃತ್ಯ ಮಾಡಿದ ಮನುಷ್ಯನನ್ನೂ ನೋಡಿ ತೀರ್ಮಾನಿಸಿ ಎಂದು ಆ ತೀರ್ಪು ಹೇಳುತ್ತದೆ. ಆ ಮನುಷ್ಯನನ್ನು ನ್ಯಾಯಾಧೀಶರ ಮುಂದಿಡಬೇಕಾದವರು ವಕೀಲರು. ಬಡವರಿಗೆ ಆ ವಕೀಲರು ಸಿಗುವುದು ಕಾನೂನು ಸೇವಾ ಪ್ರಾಧಿಕಾರದಿಂದ. ಈ ಸೇವೆಯನ್ನು ತೂಗಿ ನೋಡದೆ ಶಿಕ್ಷೆ ನ್ಯಾಯವೋ ಅಲ್ಲವೋ ಎಂದು ಹೇಳುವುದು ಸಾಧ್ಯವಿಲ್ಲ.

ಸೇವೆ ಪಡೆಯುವುದು ಸುಲಭ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ, ಬಂಧನದಲ್ಲಿರುವವರು ಆದಾಯ ಪ್ರಮಾಣಪತ್ರ ತೋರಿಸಬೇಕಿಲ್ಲ. ಜೈಲಿನ ಕಾನೂನು ನೆರವು ಕ್ಲಿನಿಕ್ಕಿನಲ್ಲಿ ಅರ್ಜಿ ಕೊಟ್ಟರಾಯಿತು. ಮನೆಯವರು ಜಿಲ್ಲಾ ಪ್ರಾಧಿಕಾರದ ಕಚೇರಿಗೆ ಹೋಗಬಹುದು ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ವಕೀಲರ ಫೀಸು ಕೊಡಬೇಕಿಲ್ಲ. ಯಾರಾದರೂ ಕೇಳಿದರೆ ಪ್ರಾಧಿಕಾರದ ಕಾರ್ಯದರ್ಶಿಗೆ ಲಿಖಿತ ದೂರು ಕೊಡಿ. 2022ರಿಂದ ಹಲವು ಜಿಲ್ಲೆಗಳಲ್ಲಿ ಪೂರ್ಣಾವಧಿ ಪ್ರತಿವಾದಿ ವಕೀಲರ ಕಚೇರಿಗಳು ಬಂದಿವೆ. ಅಲ್ಲಿನವರು ಸಂಬಳದ ಮೇಲೆ ಇದೊಂದೇ ಕೆಲಸ ಮಾಡುತ್ತಾರೆ. ಖಾಸಗಿ ಕೇಸುಗಳ ನಡುವೆ ಬಿಡುವು ಮಾಡಿಕೊಂಡು ಬರುವ ಪ್ಯಾನೆಲ್ ವಕೀಲರ ಹಳೆಯ ಪದ್ಧತಿಗಿಂತ ಇದು ಖಂಡಿತ ಮೇಲು.

ದೋಷ ಮೊದಲು ಕಾಣುವುದು ಸಮಯದಲ್ಲಿ. ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ವಕೀಲರನ್ನು ನೇಮಿಸಿದ ದಿನವೇ ದೋಷಾರೋಪ ಹೊರಿಸಲಾಯಿತು, ಕೆಲವೇ ದಿನಗಳಲ್ಲಿ ವಿಚಾರಣೆ ಮುಗಿದು ಗಲ್ಲು ಶಿಕ್ಷೆಯ ತೀರ್ಪೂ ಬಂತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಮರುವಿಚಾರಣೆಗೆ ಕಳಿಸಿತು. ಜೀವಾವಧಿ ಅಥವಾ ಗಲ್ಲು ಆಗಬಹುದಾದ ಕೇಸಿಗೆ ಕನಿಷ್ಠ 10 ವರ್ಷ ವಕೀಲಿಕೆ ಮಾಡಿದವರನ್ನೇ ನೇಮಿಸಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಕೊಡಬೇಕು ಎಂದು ವಿಧಿಸಿತು. ಕೊಲೆ ಕೇಸಿನ ಕಡತ ಎಂದರೆ ಮಹಜರುಗಳು, ಮರಣೋತ್ತರ ಪರೀಕ್ಷಾ ವರದಿ, ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ, ಕರೆ ದಾಖಲೆ, ಹತ್ತಾರು ಸಾಕ್ಷಿಗಳ ಹೇಳಿಕೆ. ಇಷ್ಟನ್ನೂ ಓದಿ ಪಾಟೀಸವಾಲಿಗೆ ಸಜ್ಜಾಗಲು ಏಳು ದಿನ ಸಾಲದು. ನೇಮಕವಾದ ವಕೀಲರು ಇನ್ನಷ್ಟು ಸಮಯ ಬೇಕೆಂದು ಲಿಖಿತವಾಗಿ ಕೇಳಲೇಬೇಕು. ಕೇಳದೆ ಬಿಟ್ಟ ಪಾಟೀಸವಾಲನ್ನು ಹೈಕೋರ್ಟಿನಲ್ಲಿ ತುಂಬಿಕೊಳ್ಳುವುದು ಬಹಳ ಕಷ್ಟ.

ಸೇವೆ ಅತಿ ಹೆಚ್ಚು ಸೋಲುವ ಹಂತ ಮಾತ್ರ ಬೇರೆ: ಶಿಕ್ಷೆಯ ಪ್ರಮಾಣದ ವಿಚಾರಣೆ. ಅಪರಾಧಿ ಎಂದು ಘೋಷಿಸಿದ ಮೇಲೆ ಶಿಕ್ಷೆಯ ಬಗ್ಗೆ ಪ್ರತ್ಯೇಕವಾಗಿ ಕೇಳಬೇಕು ಎಂಬುದು ಕ್ರಿಮಿನಲ್ ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 258(2)ನೇ ಕಲಂ. ಎಷ್ಟೋ ಕೇಸುಗಳಲ್ಲಿ ಅದು ಅದೇ ದಿನ ಮುಗಿಯುತ್ತದೆ. 'ವಯಸ್ಸು ಚಿಕ್ಕದು, ಹೆಂಡತಿ ಮಕ್ಕಳಿದ್ದಾರೆ, ಬಡವ, ದಯೆ ತೋರಿ' ಎಂಬ ಎರಡು ಸಾಲಿನ ಮನವಿಯಷ್ಟೇ ದಾಖಲಾಗುತ್ತದೆ. ಇದು ವಾದವೇ ಅಲ್ಲ. 2022ರ ಮೇ ತಿಂಗಳ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆರೋಪಿಯ ಬಾಲ್ಯ, ಮನೆಯಲ್ಲಿ ಹಿಂಸೆ ಅಥವಾ ನಿರ್ಲಕ್ಷ್ಯ ಇತ್ತೇ, ಓದು, ದುಡಿಮೆ, ಮಾನಸಿಕ ಕಾಯಿಲೆ, ಜೈಲಿನ ನಡತೆ ಎಲ್ಲವನ್ನೂ ವಿಚಾರಣಾ ಹಂತದಲ್ಲೇ ಸಂಗ್ರಹಿಸಬೇಕು, ಮನೋವೈದ್ಯಕೀಯ ವರದಿಯನ್ನು ಸರ್ಕಾರವೇ ತರಿಸಬೇಕು ಎಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಅಪರಾಧಿಗೆ ಸಿಗಬೇಕಾದ ನಿಜವಾದ ಅವಕಾಶ ಯಾವುದು ಎಂಬ ಪ್ರಶ್ನೆಯನ್ನು ಐವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು.

ಈ ಕಾಗದಗಳನ್ನು ತರುವ ಕೆಲಸಕ್ಕೆ ಕಪ್ಪುಕೋಟು ಬೇಕಿಲ್ಲ, ಕಾಲು ಬೇಕು. ಆರೋಪಿಯ ಊರಿಗೆ ಹೋಗಿ ತಾಯಿ, ಅಕ್ಕ, ಮೇಷ್ಟರು, ಮೇಸ್ತ್ರಿ ಎಲ್ಲರನ್ನೂ ಮಾತಾಡಿಸಿ, ಆಸ್ಪತ್ರೆ ಚೀಟಿ ಹುಡುಕಿ ತರುವವರನ್ನು ನೇಮಿಸುವ ಕಡೆಗೇ ಈ ಸೇವೆ ಕಡಿಮೆ ಗಮನ ಕೊಟ್ಟಿದೆ. ಮೊದಲು ಹುಡುಕಬೇಕಾದದ್ದು ಶಾಲೆಯ ದಾಖಲಾತಿ ರಿಜಿಸ್ಟರು. 1994ರ ಮಹಾರಾಷ್ಟ್ರದ ಕೊಲೆ ಕೇಸೊಂದರಲ್ಲಿ ಗಲ್ಲು ಶಿಕ್ಷೆಯಾಗಿದ್ದ ವ್ಯಕ್ತಿ 28 ವರ್ಷ ಜೈಲಿನಲ್ಲಿದ್ದ. ಕೃತ್ಯದ ವೇಳೆ ಅವನಿಗೆ ಹನ್ನೆರಡೂವರೆ ವರ್ಷ ಎಂದು ಶಾಲಾ ದಾಖಲೆಯ ಆಧಾರದ ಮೇಲೆ ಒಪ್ಪಿ ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿತು. ಬಾಲಾಪರಾಧಿ ಎಂಬ ವಾದವನ್ನು ಯಾವ ಹಂತದಲ್ಲಾದರೂ ಎತ್ತಬಹುದು, ಅಂತಿಮ ತೀರ್ಪಿನ ನಂತರವೂ. ಒಂದು ರಿಜಿಸ್ಟರಿನ ಪುಟ ಕೋರ್ಟಿಗೆ ಮುಟ್ಟಲು ಇಷ್ಟು ವರ್ಷ ಹಿಡಿದರೆ, ಅಂಥ ವ್ಯವಸ್ಥೆಯ ಕೈಯಲ್ಲಿ ನೇಣಿನ ಹಗ್ಗ ಇರಬಾರದು ಎಂಬುದೇ ನಮ್ಮ ಅಭಿಪ್ರಾಯ. ಮಹಾರಾಷ್ಟ್ರದ್ದೇ ಇನ್ನೊಂದು ಕೇಸಿನಲ್ಲಿ ಸುಪ್ರೀಂ ಕೋರ್ಟೇ 2009ರಲ್ಲಿ ಗಲ್ಲು ವಿಧಿಸಿದ್ದ ಆರು ಮಂದಿಯನ್ನು 2019ರಲ್ಲಿ ನಿರ್ದೋಷಿಗಳೆಂದು ಬಿಟ್ಟಿತು.

ಕೊಲೆಯಾದವರ ಮನೆಯವರ ನೋವಿಗೆ ಇದರಿಂದ ಏನು ಸಿಕ್ಕಿತು ಎಂಬ ಪ್ರಶ್ನೆ ನ್ಯಾಯವಾದದ್ದೇ. ತಪ್ಪು ಮನುಷ್ಯನಿಗೆ ಗಲ್ಲಾದರೆ ಅವರಿಗೂ ಏನೂ ಸಿಗುವುದಿಲ್ಲ. ಸಾಮಾನ್ಯ ಜೀವಾವಧಿ ಸಾಲದು ಎನ್ನಿಸುವ ಕೇಸಿಗೆ ಬೇರೆ ದಾರಿಯೂ ಇದೆ: ಕರ್ನಾಟಕದ ಪ್ರಕರಣವೊಂದರಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲಿನ ಬದಲು ಸಾಯುವವರೆಗೂ ಬಿಡುಗಡೆ ಇಲ್ಲದ ಸೆರೆ ವಿಧಿಸಿತು. ಹೀಗೆ ವಿಧಿಸುವ ಅಧಿಕಾರ ಇರುವುದು ಹೈಕೋರ್ಟಿಗೆ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ ಎಂದು 2015ರಲ್ಲಿ ಸ್ಪಷ್ಟವಾಯಿತು. ಹಾಗಾಗಿ ಮೇಲ್ಮನವಿಯಲ್ಲಿ ಈ ಪರ್ಯಾಯವನ್ನು ವಕೀಲರು ಹೆಸರಿಟ್ಟು ಕೇಳಬೇಕು.

ಹೈಕೋರ್ಟ್, ಸುಪ್ರೀಂ ಕೋರ್ಟ್‌ನಂಥ ಮೇಲಿನ ಹಂತಗಳಲ್ಲಿ ಸೇವೆ ವಾಸಿ. ಹೈಕೋರ್ಟ್ ದೃಢೀಕರಿಸದೆ ಗಲ್ಲು ಜಾರಿಯಾಗದು, ಆದರೂ 30 ದಿನದೊಳಗೆ ಮೇಲ್ಮನವಿಯನ್ನು ಬೇರೆಯಾಗಿ ಹಾಕಿಸಿ. ಸುಪ್ರೀಂ ಕೋರ್ಟಿನ ಮರುಪರಿಶೀಲನಾ ಅರ್ಜಿಯನ್ನು 2014ರಿಂದ ಮೂವರು ನ್ಯಾಯಮೂರ್ತಿಗಳು ತೆರೆದ ಕೋರ್ಟಿನಲ್ಲಿ ಕೇಳುತ್ತಾರೆ. ಕ್ಷಮಾದಾನಕ್ಕೆ ಈಗ ಗಡುವಿದೆ: ಮೇಲ್ಮನವಿ ವಜಾ ಆದದ್ದನ್ನು ಜೈಲು ಅಧಿಕಾರಿ ತಿಳಿಸಿದ 30 ದಿನದೊಳಗೆ ಅರ್ಜಿ, ರಾಜ್ಯಪಾಲರು ತಿರಸ್ಕರಿಸಿದರೆ 60 ದಿನದೊಳಗೆ ರಾಷ್ಟ್ರಪತಿಗೆ. ಅಚ್ಚು ನಮೂನೆಯಲ್ಲಿ ಹೆಸರು ತುಂಬಿ ಕಳಿಸಿದರೆ ಸಾಲದು. ಜೈಲಿನ ನಡತೆ ವರದಿ, ವೈದ್ಯಕೀಯ ದಾಖಲೆ, ವಯಸ್ಸಿನ ಪುರಾವೆ ಲಗತ್ತಿಸಿ, ಸ್ವೀಕೃತಿ ಪಡೆದು ಒಂದು ಪ್ರತಿಯನ್ನು ಮನೆಯವರ ಕೈಗೆ ಕೊಡಿ. ತಿರಸ್ಕಾರದ ಪತ್ರ ಕೈಸೇರಿದ ಮೇಲೆ ಗಲ್ಲಿಗೆ ಕನಿಷ್ಠ 14 ದಿನ ಅಂತರವಿರಬೇಕು, ಆಗಲೂ ವಕೀಲರು ಸಿಗಬೇಕು. ಆ ವಕೀಲರ ಹೆಸರನ್ನು ಅರ್ಜಿ ಕಳಿಸುವಾಗಲೇ ಜೈಲಿನ ಕಚೇರಿಯಲ್ಲಿ ಬರೆಸಿಡಿ.