ಹಳೇ ಪತ್ರಿಕೆಗೆ ಗ್ರೇಡಿಂಗ್ ಮಾಡಿಸಿಕೊಡ್ತೀವಿ ಅನ್ನುವವರ ಕೈಗೆ ಕಟ್ಟು ಕೊಡುವ ಮುಂಚೆ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಆ ಮೆಸೇಜು ಓಡಾಡುತ್ತಿದೆ. ನಿಮ್ಮ ಅಟ್ಟದಲ್ಲಿರುವ ಹಳೇ ಮ್ಯಾಗಜೀನಿಗೆ ಲಕ್ಷಗಟ್ಟಲೆ ಬೆಲೆ ಇರಬಹುದು, ಅಮೆರಿಕದಲ್ಲಿ ಗ್ರೇಡಿಂಗ್ ಮಾಡಿಸಿಕೊಡುತ್ತೇವೆ ಅಂತ. ಇದೇ ಮೆಸೇಜಿನ ಏಜೆಂಟ್ ಒಬ್ಬನ ಕೈಗೆ ನಮ್ಮ ಅಪ್ಪಯ್ಯ ಕೂಡಿಟ್ಟಿದ್ದ ಪತ್ರಿಕೆಗಳಲ್ಲಿ ಒಂದಷ್ಟನ್ನು ಕೊಟ್ಟಿದ್ದೆವು. ವಾಪಸ್ ಬಂದಿದ್ದು ಏನು, ದುಡ್ಡು ಹೋಗಿದ್ದು ಎಲ್ಲಿ ಎಂದು ಹೇಳಿಬಿಡುತ್ತೇನೆ. ಕಟ್ಟು ಬಿಚ್ಚಿ ಕೂತವರಿಗೆ ಉಪಯೋಗವಾಗಬಹುದು.

ಗ್ರೇಡಿಂಗ್ ಎನ್ನುವುದೇ ಮೋಸ ಅಲ್ಲ. ಅದನ್ನು ಮೊದಲೇ ಹೇಳಬೇಕು. ಫ್ಲಾರಿಡಾದ ಸಿಜಿಸಿ ಎಂಬ ಕಂಪನಿ 2000ದಲ್ಲಿ ಕಾಮಿಕ್ಸ್‌ಗೆ ಈ ಕೆಲಸ ಶುರು ಮಾಡಿತು, ಆಮೇಲೆ ಪತ್ರಿಕೆಗಳಿಗೂ ವಿಸ್ತರಿಸಿತು. ಅದರಂಥ ಬೇರೆ ಕಂಪನಿಗಳೂ ಇವೆ. ಪುಟ ಎಣಿಸುತ್ತಾರೆ. ರಕ್ಷಾಪುಟ, ಬೆನ್ನು, ಪಿನ್ನು, ಕಾಗದದ ಬಣ್ಣ ಎಲ್ಲ ನೋಡುತ್ತಾರೆ. ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲ್ ಮಾಡಿ ಲೇಬಲ್ ಹಾಕುತ್ತಾರೆ. ಆ ಡಬ್ಬಿಗೆ ಸ್ಲ್ಯಾಬ್ ಅನ್ನುತ್ತಾರೆ. ಮಾಲನ್ನು ಕಣ್ಣಾರೆ ನೋಡದೆ ದೂರದಿಂದ ಕೊಳ್ಳುವವನಿಗೆ ಅದೊಂದು ಧೈರ್ಯ. ಅಷ್ಟೇ ಅದರ ಕೆಲಸ.

ಏಜೆಂಟ್ ಹೇಳಿದ್ದು ಮಾತ್ರ ಬೇರೆಯೇ ಕಥೆ. ಮೊಬೈಲಿನಲ್ಲಿ ಒಂದು ಸುದ್ದಿ ತೋರಿಸಿದ. ಸೂಪರ್‌ಮ್ಯಾನ್ ಮೊದಲ ಸಲ ಕಾಣಿಸಿಕೊಂಡ 1938ರ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆ, 8.5 ಗ್ರೇಡಿನದು, 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಗಿತ್ತು. ಸುದ್ದಿ ನಿಜವೇ. ಆದರೆ ಆ ಬೆಲೆ ಬಂದಿದ್ದು ಡಬ್ಬಿಯಿಂದ ಅಲ್ಲ. ಅದರ ಪ್ರತಿಗಳು ನೂರರ ಆಸುಪಾಸು ಮಾತ್ರ ಉಳಿದಿವೆ ಎನ್ನುತ್ತಾರೆ, ಬೇಕು ಅನ್ನುವವರು ಪ್ರಪಂಚದ ತುಂಬ ಇದ್ದಾರೆ. "ಸಾರ್, ನಿಮ್ಮ ಹತ್ರಾನೂ ಅಂಥ ಐಟಂ ಇದೆ, ನಿಮಗೇ ಗೊತ್ತಿಲ್ಲ" ಎಂದ. ಆಮೇಲೆ ಚೆಕ್ಕಿಂಗ್ ಫೀಸು ಎಂದು ತಲಾ ಐನೂರು ರೂಪಾಯಿ ತೆಗೆದುಕೊಂಡು, ಒಂದೊಂದಾಗಿ ಬಿಡಿಸಿ ನೋಡಿ ಆರಿಸಿಕೊಂಡು ಹೋದ. ಸಂಚಿಕೆಯೊಂದಕ್ಕೆ ಫೀಸು, ಪೋಸ್ಟು, ಇನ್ಶೂರೆನ್ಸು ಎಲ್ಲ ಸೇರಿ ಎಂಟು ಸಾವಿರದ ಹತ್ತಿರ.

ಅವನು ಆರಿಸಿದ್ದು ಯಾವುವು ನೋಡಿ. ಮೊದಲನೆಯದು ಅಮೆರಿಕದ ಲೈಫ್ ಪತ್ರಿಕೆಯ 1969ರ ಚಂದ್ರಯಾನದ ಸಂಚಿಕೆ. ಅಪ್ಪಯ್ಯ ಬೆಂಗಳೂರಿನ ಅವೆನ್ಯೂ ರೋಡಿನಲ್ಲಿ ಹಳೇದಾಗಿ ಕೊಂಡಿದ್ದು. ಆ ಕಾಲದಲ್ಲಿ ಲೈಫ್ ವಾರವಾರ 80 ಲಕ್ಷದಷ್ಟು ಪ್ರತಿ ಅಚ್ಚಾಗುತ್ತಿತ್ತು. ಚಂದ್ರನ ಮೇಲೆ ಮನುಷ್ಯ ಇಳಿದ ಸಂಚಿಕೆಯನ್ನು ಯಾರು ರದ್ದಿಗೆ ಹಾಕುತ್ತಾರೆ ಹೇಳಿ? ಎಲ್ಲರೂ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟ ವಸ್ತುವಿಗೆ ಬೆಲೆ ಬರುವುದು ಕಷ್ಟ. ಸಾಲದ್ದಕ್ಕೆ ಲೈಫ್ ಸೈಜು ದೊಡ್ಡದು. ಸೈಜು ಹಿಡಿಯುವುದಿಲ್ಲ ಎಂದು ಅದು ಗ್ರೇಡ್ ಆಗದೆ ಹಾಗೇ ವಾಪಸ್ ಬಂತು. ದುಡ್ಡು ಬರಲಿಲ್ಲ. ಯಾವ ಅಳತೆಯವರೆಗೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ಕಂಪನಿಗಳು ಮೊದಲೇ ತಿಳಿಸುತ್ತವೆ. ದಿನವೂ ಇದೇ ಕೆಲಸ ಮಾಡುವ ಏಜೆಂಟನಿಗೆ ಅದು ಗೊತ್ತಿರುವುದಿಲ್ವಾ?

ಎರಡನೆಯದು ಇಲಸ್ಟ್ರೇಟೆಡ್ ವೀಕ್ಲಿಗಳು. 1880ರಲ್ಲಿ ಶುರುವಾಗಿ 1993ಕ್ಕೆ ನಿಂತುಹೋದ ವಾರಪತ್ರಿಕೆ ಅದು. ನಮ್ಮವು ಎಪ್ಪತ್ತರ ದಶಕದವು. ಅದರಲ್ಲಿ ಒಂದರ ಹಾಳೆಯನ್ನು ಅಮ್ಮ ಕತ್ತರಿಸಿ ತೆಗೆದಿದ್ದರು. ಹಿಂದಿನ ಪುಟದಲ್ಲಿ ಸ್ವೆಟರ್ ಡಿಸೈನ್ ಇತ್ತಂತೆ. ಚೆಕ್ಕಿಂಗ್ ಫೀಸು ತೆಗೆದುಕೊಂಡವನು ಪುಟ ಎಣಿಸಿದ್ದರೆ ಅಲ್ಲೇ ಸಿಗುತ್ತಿತ್ತು. ಗ್ರೇಡ್ ಮಾಡುವವರಿಗೆ ಸಿಕ್ಕಿತು. ಪುಟ ಇಲ್ಲದ ಸಂಚಿಕೆ ಎಂದರೆ ಅಂಕದ ಪಾತಾಳವೇ.

ಆದರೂ ಇವೆರಡನ್ನು ಮರೆಯಬಹುದು. ಹೊಟ್ಟೆ ಉರಿದಿದ್ದು ಪಿನ್ನಿನ ವಿಷಯಕ್ಕೆ.

ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಪುಸ್ತಕ ಎಲ್ಲಿ ಒಣಗೀತು. ಥಂಡಿಗೆ ಪತ್ರಿಕೆಯ ನಡುವಿನ ಪಿನ್ನು ತುಕ್ಕು ಹಿಡಿಯುತ್ತದೆ, ತುಕ್ಕು ಕಾಗದಕ್ಕೂ ಇಳಿಯುತ್ತದೆ. ನಮ್ಮ ವೀಕ್ಲಿಗಳಲ್ಲೂ ಹಾಗೇ ಆಗಿತ್ತು. ಅದು ಕೆಟ್ಟಿದ್ದೇ, ಆದರೆ ಹಳೆಯದು, ಅಸಲಿ. ಏಜೆಂಟ್ ನಮ್ಮನ್ನು ಒಂದು ಮಾತೂ ಕೇಳದೆ ಆ ಪಿನ್ನು ಕಿತ್ತು ಹೊಸದು ಹೊಡೆದಿದ್ದ. ರಕ್ಷಾಪುಟದ ಮೂಲೆಯಲ್ಲಿದ್ದ ಅಪ್ಪಯ್ಯನ ಸಹಿಯನ್ನೂ ಏನೋ ಹಚ್ಚಿ ಉಜ್ಜಿದ್ದ. ಸ್ಲ್ಯಾಬ್ ಕೈಗೆ ಬಂದಾಗ ಬೆಳಕಿಗೆ ಹಿಡಿದು ನೋಡಿದೆ. ಬೆನ್ನಿನ ಮೇಲೆ ಪಿನ್ನು ಸ್ಟೀಲ್ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಅದರ ಪಕ್ಕದಲ್ಲೇ ಹಳೇ ಪಿನ್ನಿನ ತೂತು, ಸುತ್ತ ಕಂದು ಬಣ್ಣದ ಕಲೆ. ಸಹಿ ಇದ್ದ ಜಾಗದಲ್ಲಿ ಮಸಿ ಹರಡಿ ತಿಳಿನೀಲಿ ಮೋಡ. ಕಾಗದ ಅಲ್ಲಿ ತೆಳುವಾಗಿ ನಾರು ಎದ್ದಿತ್ತು.

ಗ್ರೇಡಿಂಗ್ ಲೋಕದಲ್ಲಿ ಇದು ದೊಡ್ಡ ವಿಷಯ. ಮುಟ್ಟದ ಪ್ರತಿಗೆ ಒಂದು ಬಣ್ಣದ ಲೇಬಲ್, ರಿಪೇರಿಯಾದ ಪ್ರತಿಗೆ ಬೇರೆ ಬಣ್ಣದ್ದು. ಸಿಜಿಸಿಯಲ್ಲಾದರೆ ಮಾಮೂಲಿ ಪ್ರತಿಗೆ ನೀಲಿ, ರಿಪೇರಿಯಾಗಿದ್ದಕ್ಕೆ ನೇರಳೆ. ಏನೇನು ಮಾಡಿದ್ದಾರೆ ಎಂದು ಲೇಬಲ್ ಮೇಲೇ ಬರೆದಿರುತ್ತಾರೆ. ಸಂಗ್ರಹಕಾರರು ನೇರಳೆ ಕಂಡರೆ ಅರ್ಧ ಬೆಲೆಗೂ ಹಿಂದೆ ಮುಂದೆ ನೋಡುತ್ತಾರೆ. ಕೇಳಿದ್ದಕ್ಕೆ ಏಜೆಂಟನ ಉತ್ತರ, "ಒಳ್ಳೇ ಗ್ರೇಡ್ ಬರ್ಲಿ ಅಂತ ಮಾಡಿದ್ದು ಸಾರ್, ಎಲ್ಲರಿಗೂ ಮಾಡ್ತೀವಿ." ಎಲ್ಲರಿಗೂ ಮಾಡುತ್ತಾನಂತೆ! ಅದಕ್ಕೇ ಇದನ್ನು ಬರೆಯುತ್ತಿರುವುದು.

ಸರಿ, ಪಿನ್ನು ಕಿತ್ತಿರಲಿಲ್ಲ, ಪುಟ ಪೂರ್ತಿ ಇತ್ತು ಎಂದೇ ಇಟ್ಟುಕೊಳ್ಳಿ. ಆಗಲಾದರೂ ಲಾಭ ಇತ್ತಾ? ಇರಲಿಲ್ಲ. ಅಡಿಕೆ ಮಂಡಿಗೆ ಹೋದರೆ ರಾಶಿ, ಬೆಟ್ಟೆ, ಸರಕು, ಗೊರಬಲು, ಯಾವ ದರ್ಜೆ ಆದರೂ ಅದಕ್ಕೊಬ್ಬ ಖರೀದಿದಾರ ಇದ್ದೇ ಇರುತ್ತಾನೆ. ದರ್ಜೆಗೆ ಅರ್ಥ ಬರುವುದೇ ಅದರಿಂದ. ಎಪ್ಪತ್ತರ ದಶಕದ ವೀಕ್ಲಿಗಾಗಲಿ, ಹಳೇ ಸುಧಾ, ಕಸ್ತೂರಿಗಾಗಲಿ ಸ್ಲ್ಯಾಬಿನಲ್ಲೇ ಬೇಕು ಎಂದು ಕೇಳುವವರು ನನಗೆ ಸಿಗಲಿಲ್ಲ. ಚಂದಮಾಮ ಕನ್ನಡದಲ್ಲಿ ಶುರುವಾಗಿದ್ದು 1949ರಲ್ಲಿ. ಅದರ ಮೊದಮೊದಲ ಸಂಚಿಕೆಗಳನ್ನು ಹುಡುಕುವವರು ಇದ್ದಾರೆ, ಒಳ್ಳೇ ಬೆಲೆಯನ್ನೂ ಕೊಡುತ್ತಾರೆ. ಆದರೆ ಅವರಿಗೆ ಬೇಕಾಗಿರುವುದು ಬಿಡಿಸಿ ಓದುವ, ಚಿತ್ರ ನೋಡುವ ಪ್ರತಿ. ಡಬ್ಬಿ ಒಡೆಯದೆ ಒಂದು ಪುಟವೂ ತಿರುಗುವುದಿಲ್ಲ, ಒಡೆದರೆ ಗ್ರೇಡು ಹೋಯಿತು. ನಮ್ಮ ವೀಕ್ಲಿಯನ್ನು ನೋಡಿದ ಬೆಂಗಳೂರಿನ ಹಳೇ ಪುಸ್ತಕದ ವ್ಯಾಪಾರಿಯೊಬ್ಬರು ಕೇಳಿದ್ದು ಇನ್ನೂರು ರೂಪಾಯಿಗೆ. ಡಬ್ಬಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಡಬ್ಬಿಯಲ್ಲಿಟ್ಟರೆ ಥಂಡಿ ತಾಗುವುದಿಲ್ಲ ಅನ್ನುವುದನ್ನೂ ನಂಬಬೇಡಿ. ಸ್ಲ್ಯಾಬ್ ಗಾಳಿಯಾಡದ ಡಬ್ಬಿ ಅಲ್ಲ. ಆಗುಂಬೆ ಸುತ್ತಿನ ಮನೆಗಳಲ್ಲಿ ಗೋಡೆಯೇ ಬೆವರುವಾಗ ಅದರೊಳಗೂ ತೇವ ಹೋಗುತ್ತದೆ. ಬೂಸಲು ಬಂದರೆ ಒರೆಸಲು ಕೈ ಹೋಗುವುದಿಲ್ಲ, ಪ್ಲಾಸ್ಟಿಕ್ಕಿನಾಚೆಯಿಂದ ನೋಡುತ್ತಾ ಕೂರಬೇಕು.

ಇನ್ನೂ ಒಂದು ವಿಷಯ ಇದೆ, ಏಜೆಂಟ್‌ಗಳು ಬಾಯಿ ಬಿಡುವುದಿಲ್ಲ. ತೀರಾ ಹಳೆಯ ವಸ್ತುಗಳನ್ನು ದೇಶದಾಚೆ ಕಳಿಸಲು 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ. ಸಾಮಾನ್ಯ ವಸ್ತುವಿಗೆ 100 ವರ್ಷ, ಚರಿತ್ರೆ ಅಥವಾ ಸಾಹಿತ್ಯದ ಬೆಲೆಯುಳ್ಳ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ. ನಿಮ್ಮ ಮನೆಯಲ್ಲಿ ಸ್ವಾತಂತ್ರ್ಯಕ್ಕಿಂತ ಮುಂಚಿನ ಪತ್ರಿಕೆ ಇದ್ದರೆ ಪುರಾತತ್ವ ಇಲಾಖೆಯಲ್ಲಿ ವಿಚಾರಿಸದೆ ಕಳಿಸಬೇಡಿ. ಹೊಸದಾದರೂ ಸರಿ, ಇಲ್ಲಿಂದ ಹೋಗಿದ್ದೇ ವಾಪಸ್ ಬಂದಿದೆ ಎಂದು ತೋರಿಸುವ ಕಾಗದ ಇಲ್ಲದಿದ್ದರೆ ಕಸ್ಟಮ್ಸ್‌ನಲ್ಲಿ ತಕರಾರು ಆಗಬಹುದು. ನಮಗೆ ಕಸ್ಟಮ್ಸ್ ಎಂದು ಒಂದು ಮೊತ್ತ ಹೇಳಿದ, ರಸೀದಿ ಇವತ್ತಿಗೂ ಬಂದಿಲ್ಲ.

ಇಷ್ಟೆಲ್ಲ ಆದಮೇಲೂ ಮಾಡಿಸಲೇಬೇಕು ಅನ್ನಿಸಿದರೆ, ಮೊದಲು ಆನ್‌ಲೈನ್‌ನಲ್ಲಿ ನಿಮ್ಮ ಸಂಚಿಕೆ ನಿಜವಾಗಿ ಮಾರಾಟವಾದ ಬೆಲೆ ಹುಡುಕಿ. ಮಾರುವವರು ಹಾಕಿಕೊಂಡ ಬೆಲೆ ಅಲ್ಲ, ಅದು ಸುಮ್ನೆ. ಗ್ರೇಡ್ ಆದ ಪ್ರತಿಗೂ ಆಗದ ಪ್ರತಿಗೂ ಇರುವ ವ್ಯತ್ಯಾಸ ನಿಮ್ಮ ಒಟ್ಟು ಖರ್ಚಿಗಿಂತ ಜಾಸ್ತಿ ಇದ್ದರೆ ಮಾತ್ರ ಮುಂದಿನ ಮಾತು. ನಮ್ಮ ಅಟ್ಟದ ಮಾಲಿನಲ್ಲಿ ನೂರಕ್ಕೆ ತೊಂಬತ್ತು ಈ ಲೆಕ್ಕದಲ್ಲೇ ಬಿದ್ದುಹೋಗುತ್ತದೆ ಅನ್ನುವುದು ನನ್ನ ಅಂದಾಜು.

ಬೀಳದೆ ಉಳಿದಿದ್ದಕ್ಕೂ, ಉಳಿಯದಿದ್ದಕ್ಕೂ ಪಾಲಿಯೆಸ್ಟರ್ ಕವರು, ಆಮ್ಲ ಇಲ್ಲದ ರಟ್ಟು, ಹೊರಗೋಡೆಗೆ ತಾಗದ ಬೀರು, ಒಳಗೆ ಸಿಲಿಕಾ ಜೆಲ್ ಸಾಕು. ಲ್ಯಾಮಿನೇಶನ್ ಮಾತ್ರ ಬೇಡವೇ ಬೇಡ. ಬಿಸಿಲಿಗೆ ಹರವುವುದೂ ಬೇಡ, ಕಾಗದ ಇನ್ನೂ ಹಳದಿಯಾಗುತ್ತದೆ.

ಈಗಾಗಲೇ ಕೊಟ್ಟವರು ಯಾರಾದರೂ ಇದ್ದರೆ ಇವತ್ತೇ ಫೋನ್ ಮಾಡಿ, ಕಂಪನಿ ಕೊಟ್ಟ ಸಬ್‌ಮಿಷನ್ ನಂಬರ್ ಕೇಳಿ. ನಂಬರ್ ಇಲ್ಲ ಅಂದರೆ ಪಾರ್ಸೆಲ್ ಇನ್ನೂ ಅವನ ಹತ್ತಿರವೇ ಇರುವ ಸಾಧ್ಯತೆ ಜಾಸ್ತಿ. ಪಿನ್ನು ಕೀಳುವ ಮುಂಚೆ ಹೋಗಿ ವಾಪಸ್ ತಂದುಬಿಡಿ.